ಹೆಸರಿಲ್ಲದ ನಾಲ್ಕನೇ ಲೈಟು

ವೇಷದ ಪೆಟ್ಟಿಗೆಯಿಂದ ಕಿರೀಟವನ್ನು ಎತ್ತಿ ಪಕ್ಕಕ್ಕಿಟ್ಟೆ. ಅದರ ಕೆಳಗೆ ಭುಜಕೀರ್ತಿ, ಎದೆಪದಕ, ಮಕ್ಕಳ ಅಳತೆಯ ನಾಲ್ಕು ಜೊತೆ ಗೆಜ್ಜೆ ಇದ್ದವು. ಎಲ್ಲಕ್ಕಿಂತ ಅಡಿಯಲ್ಲಿ, ಹಳೆಯ ಕೆಂಪು ಸೀರೆಯಲ್ಲಿ ಸುತ್ತಿಟ್ಟ ಭಾರದ ವಸ್ತುವೊಂದು ಕೈಗೆ ತಾಗಿತು. ಬಿಚ್ಚಿ ನೋಡಿದರೆ ಒಂದು ಫೋಕಸ್ ಲೈಟು.

"ಇದು ಇಲ್ಲಿಗೆ ಹೇಗೆ ಬಂತು ಕಾಂತಿ?"

ಕಾಂತಿ ಆ ಕೆಂಪು ಸೀರೆಯನ್ನು ಎತ್ತಿ ಮಡಚತೊಡಗಿದಳು. ಪೆಟ್ಟಿಗೆ ಅವಳ ಅಪ್ಪನದು, ಚಾವಿ ತಂದುಕೊಟ್ಟವಳೂ ಅವಳೇ. ಮಕ್ಕಳ ಮುಖಕ್ಕೆ ಬಣ್ಣ ಬರೆದು ವೇಷ ಕಟ್ಟುತ್ತಿದ್ದ ಆ ಅಪ್ಪ, ನೋಣಯ್ಯ, ಎಂಟು ದಿನದ ಹಿಂದೆ ಇದೇ ಗೋಡೆಯ ಆಚೆ ರಂಗಸ್ಥಳದಲ್ಲಿ ಲೈಟಿಗೆ ಜೋಡಿಸಿದ ಗೇಣುದ್ದದ ಕಬ್ಬಿಣದ ಸ್ಟ್ಯಾಂಡು ಮುಟ್ಟಿ ಕರೆಂಟು ಹೊಡೆದು ಸತ್ತಿದ್ದರು.

ನಾನು ಲೈಟನ್ನು ಕಿಟಕಿಯ ಬಳಿಗೆ ತಂದು ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲಿಯೂ ಹೆಸರಿರಲಿಲ್ಲ.

ಇದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಬೇಕಾದರೆ ಮುಂಡಾಜೆಯ 'ಚಕ್ರತಾಳ ಕಲಾಸಂಘ'ವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಮುಚ್ಚಿಹೋದ ಅಕ್ಕಿ ಮಿಲ್ಲಿನ ಶೆಡ್ಡು ಅದು. ಅರುವತ್ತು ಮಕ್ಕಳು ಅಲ್ಲಿ ಬಿಟ್ಟಿಯಾಗಿ ಯಕ್ಷಗಾನ ಕಲಿಯುತ್ತಾರೆ. ನೆಲದ ಹಲಗೆ ಬೆಳ್ತಂಗಡಿಯ ಮರದ ಮಿಲ್ಲಿನದು, ಪರದೆ ಬಂಟ್ವಾಳದ ಬಟ್ಟೆಯಂಗಡಿಯದು, ಕಪಾಟು ವಿಟ್ಲದ ಅಡಿಕೆ ವ್ಯಾಪಾರಿಯದು, ಆಳೆತ್ತರದ ಕನ್ನಡಿ ಮೂಡುಬಿದಿರೆಯ ಗ್ಲಾಸಿನಂಗಡಿಯದು. ಅಂಗಡಿಯವರು ತಮ್ಮಲ್ಲಿ ಇದ್ದದ್ದನ್ನು ಕೊಟ್ಟರು, ಸಂಘ ಎದ್ದು ನಿಂತಿತು.

ಮತ್ತು ಎಲ್ಲದರ ಮೇಲೂ ಹೆಸರು. ನಮ್ಮ ಕಡೆ ಹೆಸರಿಲ್ಲದ ಕೊಡುಗೆ ಇಲ್ಲ. ಗೋಡೆ ಗಡಿಯಾರದ ಮುಳ್ಳಿನ ಹಿಂದೆ, ಊಟದ ಬಟ್ಟಲಿನ ಅಂಚಿನಲ್ಲಿ, ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ 'ಇವರ ಕೊಡುಗೆ' ಎಂದು ಬರೆದಿರಲೇಬೇಕು. ತಿರುಗುವಾಗ ಹೆಸರು ಕಾಣುವುದಿಲ್ಲವೆಂದು ಫ್ಯಾನು ನಿಲ್ಲಿಸಿ, ಬೆವರು ಸುರಿಸುತ್ತಾ ಫೋಟೋ ತೆಗೆಸಿಕೊಂಡ ದಾನಿಗಳನ್ನು ನಾನೇ ನೋಡಿದ್ದೇನೆ. ನಗುವುದಕ್ಕಾಗಿ ಹೇಳುತ್ತಿಲ್ಲ. ಆ ಫ್ಯಾನಿನ ಗಾಳಿಯಲ್ಲೇ ಮಕ್ಕಳು ಕುಣಿಯುತ್ತಾರೆ.

ಹೆಸರು ಬೇಡವೆಂದವರು ಒಬ್ಬರೇ. ಬಿ.ಸಿ.ರೋಡಿನಲ್ಲಿ ಇಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಅಬ್ದುಲ್ ರವೂಫ್. ಡೇರೆ ಕಟ್ಟಿ ಯಕ್ಷಗಾನ ಆಡುತ್ತಿದ್ದ ಮೇಳಗಳ ಕಾಲದಲ್ಲಿ ಹುಡುಗನಾಗಿ ರಂಗಸ್ಥಳಕ್ಕೆ ಲೈಟು ಕಟ್ಟುತ್ತಿದ್ದಾಗಿನಿಂದ ಅವರಿಗೂ ನೋಣಯ್ಯನವರಿಗೂ ಸ್ನೇಹ. ನಾಲ್ಕು ಫೋಕಸ್ ಲೈಟು ಕೊಡುವಾಗ ಅವರು ಹಾಕಿದ ಷರತ್ತು ಒಂದೇ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು, ಆದ್ದರಿಂದ ಹೆಸರು ಬರೆಯಬಾರದು.

ಆದರೆ ನೋಣಯ್ಯನವರ ಜೀವ ತೆಗೆದ ಲೈಟಿನ ಸ್ಟ್ಯಾಂಡಿನ ಮೇಲೆ ಬಿಳಿ ಪೈಂಟಿನಲ್ಲಿ ಚೆಂದವಾಗಿ ಬರೆದಿತ್ತು: 'ಕೊಡುಗೆ: ಅಬ್ದುಲ್ ರವೂಫ್, ಬಿ.ಸಿ.ರೋಡ್.'

ಪೊಲೀಸರಿಗೆ ಇನ್ನೇನು ಬೇಕು? ಕೊಟ್ಟದ್ದು ನಾಲ್ಕು ಲೈಟು. ಮೂರು ಲೈಟು ಗೂಟದಲ್ಲಿ ನೇತಾಡುತ್ತಿವೆ, ನಾಲ್ಕನೆಯದು ಕೊಂದಿದೆ, ಹೆಸರು ಬರೆದದ್ದು ಸಂಘದವರೇ ಇರಬಹುದು. ಕೆಟ್ಟ ಸಾಮಾನನ್ನು ದಾನದ ಹೆಸರಲ್ಲಿ ಸಾಗಹಾಕಿದ್ದಾರೆಂದು ಸತ್ತವರ ಮಗಳೇ ದೂರು ಕೊಟ್ಟಿದ್ದಾಳೆ. ಈ ದಿನ ಸಂಜೆ ಐದಕ್ಕೆ ರವೂಫ್ ಸ್ಟೇಷನ್ನಿಗೆ ಹಾಜರಾಗಬೇಕು, ಬಂದರೆ ಬಂಧಿಸದೆ ದಾರಿಯಿಲ್ಲ ಎಂದು ಎಸ್ಸೈ ನನಗೆ ನೇರವಾಗಿ ಹೇಳಿದ್ದ. ಕಾನ್‌ಸ್ಟೇಬಲ್ ಆಗಿದ್ದಾಗ ನನ್ನ ಕೈಕೆಳಗೆ ಕೆಲಸ ಕಲಿತವನು, ಸುಳ್ಳು ಹೇಳುವವನಲ್ಲ.

ರವೂಫರ ತಮ್ಮ ಅಬ್ದುಲ್ ಸಮದ್ ನನ್ನ ಮನೆಗೆ ಬಂದು ಕೂತದ್ದು ಅದಕ್ಕಾಗಿ. ಎ.ಎಸ್.ಐ. ಆಗಿ ನಿವೃತ್ತಳಾದ ಹೆಂಗಸಿಗೆ ಬೇರೇನು ಕೆಲಸ ಎಂದು ನಾನೂ ಹೊರಟೆ. ಹೊರಟ ಮೇಲೆ ತಿಳಿಯಿತು, ರವೂಫ್ ಒಬ್ಬರ ಕಥೆ ಇದಲ್ಲ ಎಂದು. ಬಂಟ್ವಾಳದ ಬಟ್ಟೆಯಂಗಡಿಯವರು ಈ ವರ್ಷ ವೇಷದ ಬಟ್ಟೆ ಕಳಿಸುವುದಿಲ್ಲವೆಂದರು. ಮರದ ಮಿಲ್ಲಿನವರು ಫೋನೆತ್ತಲಿಲ್ಲ. ವಿಟ್ಲದ ಅಡಿಕೆ ವ್ಯಾಪಾರಿ ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿದರು.

"ಕೊಟ್ಟ ಕೈಗೇ ಕೋಳ ಬೀಳುವುದಾದ್ರೆ ನಾಳೆ ಯಾರು ಕೊಡ್ತಾರೆ ಮೇಡಂ?"

ಆ ಮಾತು ಎರಡು ದಿನದಿಂದ ನನ್ನ ಕಿವಿಯಲ್ಲೇ ಇತ್ತು.

ಈಗ ನನ್ನ ಕೈಯಲ್ಲಿ ಹೆಸರಿಲ್ಲದ ನಾಲ್ಕನೇ ಲೈಟು ಇತ್ತು. ಅದನ್ನು ತೆಗೆದುಕೊಂಡು ರಂಗಸ್ಥಳಕ್ಕೆ ಬಂದು ಗೂಟದ ಮೂರು ಲೈಟುಗಳ ಪಕ್ಕ ಹಿಡಿದೆ. ಒಂದೇ ಕಂಪೆನಿ, ಒಂದೇ ಬಣ್ಣ. ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕರಲ್ಲೂ ಹಸಿರು ಅರ್ತ್ ವೈರನ್ನು ಸ್ಟ್ಯಾಂಡಿನ ಸ್ಕ್ರೂಗೆ ಬಿಗಿದು ಮೇಲಿನಿಂದ ಕಪ್ಪು ಟೇಪು ಮೂರು ಸುತ್ತು ಸುತ್ತಿತ್ತು. ರವೂಫರ ಅಂಗಡಿಯಿಂದ ಹೊರಬೀಳುವ ಸಾಮಾನಿಗೆಲ್ಲ ಈ ಮೂರು ಸುತ್ತು ಇರುತ್ತದೆ, ಬಂಟ್ವಾಳದ ವೈರ್‌ಮೆನ್‌ಗಳು ತಮಾಷೆ ಮಾಡುವಷ್ಟು.

ಕೊಂದ ಲೈಟಿನಲ್ಲಿ ಅರ್ತ್ ವೈರೇ ಇರಲಿಲ್ಲವೆಂದು ಪೊಲೀಸ್ ರಿಪೋರ್ಟು ಹೇಳುತ್ತಿತ್ತು. ಕರೆಂಟಿನ ವೈರಿನ ಸಿಪ್ಪೆ ಸುಲಿದು ಕಬ್ಬಿಣಕ್ಕೆ ತಾಗಿಸಿದಂತಿತ್ತು. ಅಂಥ ಲೈಟು ಮೊದಲ ಸಲ ಉರಿಸಿದ ದಿನವೇ ಕೊಲ್ಲುತ್ತದೆ.

ಮುಟ್ಟುವವರು ಯಾರೆಂದು ಅಲ್ಲಿನವರಿಗೆಲ್ಲ ಗೊತ್ತಿತ್ತು. ಮಕ್ಕಳಿಗೆ ಲೈಟಿನ ಹತ್ತಿರ ಹೋಗಲು ಅನುಮತಿ ಇಲ್ಲ. ನೋಣಯ್ಯ ಮಾತ್ರ, ಬಣ್ಣದ ಕೈ ತೊಳೆದು ಒದ್ದೆ ಕೈಯಲ್ಲೇ ಬಂದು, ಸ್ಟ್ಯಾಂಡನ್ನು ಹಿಡಿದು ಲೈಟನ್ನು ಮಗುವಿನ ಮುಖದ ಕಡೆಗೆ ತಿರುಗಿಸಿ ಬಣ್ಣ ಸರಿ ಕೂತಿದೆಯೇ ಎಂದು ನೋಡುವುದು. ಐವತ್ತು ವರ್ಷದ ಅಭ್ಯಾಸ.

ಕಳ್ಳತನದ ಕೇಸಿನಲ್ಲಿ ಒಂದು ಸಾಮಾನು ಕಡಿಮೆ ಇರುತ್ತದೆ. ಈ ಕೇಸಿನಲ್ಲಿ ಒಂದು ಹೆಚ್ಚು ಇತ್ತು. ರವೂಫ್ ಕೊಟ್ಟ ನಾಲ್ಕೂ ಲೈಟು ಇಲ್ಲೇ, ನನ್ನ ಕಣ್ಣ ಮುಂದೆ ಇದ್ದವು. ಹಾಗಾದರೆ ಕೊಂದದ್ದು ಐದನೆಯದು, ಬೇರೆಲ್ಲಿಂದಲೋ ಬಂದದ್ದು.

"ಅಪ್ಪ ಯಾರು ಕೊಟ್ಟದ್ದನ್ನೂ ಬಿಸಾಡುವುದಿಲ್ಲ," ಎಂದಳು ಹಿಂದೆಯೇ ಬಂದು ನಿಂತಿದ್ದ ಕಾಂತಿ. "ಹೊಸದನ್ನು ಇಡ್ಲಿಕ್ಕೆ ಹಳೆಯದನ್ನು ತೆಗೆದು ಸುತ್ತಿಟ್ಟಿರ್ಬೇಕು."

ಅವಳ ದನಿ ನಡುಗುತ್ತಿತ್ತು. ಅಪ್ಪನ ಪೆಟ್ಟಿಗೆ ತೆರೆದ ದುಃಖ ಎಂದುಕೊಂಡೆ.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ತೃಪ್ತಿ ಚಹಾ ತಂದಳು. ಈ ಮಿಲ್ಲಿನ ಮನೆಯ ಸೊಸೆ. ಅರುವತ್ತು ಮಕ್ಕಳ ಹೆಸರೂ ಅವಳಿಗೆ ಬಾಯಿಪಾಠ, ಶನಿವಾರದ ಅವಲಕ್ಕಿ ಅವಳದೇ. ಶೆಡ್ಡನ್ನು ಸಂಘಕ್ಕೆ ಕೊಟ್ಟವರು ಅವಳ ಮಾವ. ದೀಪ ಹಚ್ಚಿ, ವೀಳ್ಯ ಕೈಗಿಟ್ಟು ಬಾಯಿಮಾತಿನಲ್ಲಿ ಕೊಟ್ಟರು. ಆ ಕಾಲದ ದೊಡ್ಡವರಿಗೆ ಕಾಗದ ಬೇಕಾಗಿರಲಿಲ್ಲ. ಮಾವ ಈಗಿಲ್ಲ. ಆ ಮಾತನ್ನು ಕಿವಿಯಾರೆ ಕೇಳಿದವರಲ್ಲಿ ಉಳಿದಿದ್ದವರು ನೋಣಯ್ಯ ಒಬ್ಬರೇ.

ನಾನು ಕುರುಡಿಯಲ್ಲ. ಶೆಡ್ಡು ಹೆದ್ದಾರಿಗೆ ತಾಗಿಕೊಂಡಿದೆ, ಮಾರಿದರೆ ಏನಾಗುತ್ತದೆಂದು ಮಗುವಿಗೂ ಗೊತ್ತು. ತೃಪ್ತಿಯ ಗಂಡ ಜಯಪ್ರಕಾಶನ ಮೇಲೆ ಮೊದಲ ದಿನವೇ ಸಂಶಯಪಟ್ಟಿದ್ದೆ. ಆದರೆ ಅವನು ಮಸ್ಕತ್‌ನಲ್ಲಿ ಹೋಟೆಲು ನಡೆಸುವವನು, ಒಂದು ವರ್ಷದಿಂದ ಊರಿಗೆ ಬಂದಿಲ್ಲ. ಮಸ್ಕತ್‌ನಲ್ಲಿ ಕೂತವನು ಮುಂಡಾಜೆಯ ವೈರಿನ ಸಿಪ್ಪೆ ಸುಲಿಯಲಾರ ಎಂದು ಆ ಮನೆಯನ್ನೇ ಪಟ್ಟಿಯಿಂದ ತೆಗೆದುಬಿಟ್ಟಿದ್ದೆ.

ಎಸ್ಸೈಗೆ ಫೋನು ಮಾಡಿ ಲೈಟು ಸಿಕ್ಕಿದ್ದನ್ನು ಹೇಳಿದೆ. ಚಾರ್ಮಾಡಿಯ ಕಡೆ ಡ್ಯೂಟಿಯಲ್ಲಿದ್ದೇನೆ, ಮೂರು ಗಂಟೆಗೆ ಬರುತ್ತೇನೆ, ಯಾರೂ ಮುಟ್ಟದ ಹಾಗೆ ಇದ್ದಲ್ಲೇ ಇಡಿ ಎಂದ. ಕೆಲಸದಲ್ಲಿದ್ದಿದ್ದರೆ ನಾನೇ ಮಹಜರು ಮಾಡಿ ಸೀಲು ಹಾಕುತ್ತಿದ್ದೆ. ಈಗ ನಾನು ಬರೀ ಲೋಲಾಕ್ಷಿ. ಲೈಟನ್ನು ಮತ್ತೆ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ.

"ಚಾವಿ ನನ್ನ ಹತ್ರ ಇರ್ಲಿ ಅಕ್ಕ," ಎಂದಳು ತೃಪ್ತಿ. "ಎಸ್ಸೈ ಬಂದ ಕೂಡ್ಲೇ ತೆಗೆದು ತೋರಿಸ್ತೇನೆ. ರವೂಫ್ ಸಾಹೇಬ್ರಿಗೆ ಒಂದು ಒಳ್ಳೆದಾದ್ರೆ ಸಾಕು."

ಕಾಂತಿ ಚಾವಿಗೆ ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು. ಅದನ್ನು ನೋಡಿದೆ. ನೋಡಿಯೂ ಚಾವಿಯನ್ನು ತೃಪ್ತಿಗೇ ಕೊಟ್ಟೆ.

ಇನ್ನು ಉಳಿದ ಪ್ರಶ್ನೆ ಒಂದೇ. ಐದನೇ ಲೈಟಿನ ಮೇಲೆ ರವೂಫರ ಹೆಸರು ಬರೆಸಿದವರು ಯಾರು? ಬರೆದವನು ಯಾರೆಂದು, ಪೊಲೀಸರು ತೆಗೆದ ಆ ಲೈಟಿನ ಫೋಟೋ ನೋಡಿದಾಗಲೇ ಗೊತ್ತಾಗಿತ್ತು. ಈ ಮೂರು ತಾಲೂಕಿನ ಕೊಡುಗೆಯ ಹೆಸರುಗಳೆಲ್ಲ ಒಂದೇ ಕೈಯವು. ಮೂಡುಬಿದಿರೆಯ ಹುಕ್ರಪ್ಪನದು.

ಅವನಲ್ಲಿಗೆ ಹೊರಟಾಗ ಕಾಂತಿ ತಾನೂ ಬರುತ್ತೇನೆಂದಳು. ಬೆಳ್ತಂಗಡಿಯಲ್ಲಿ ಬಸ್ಸು ಬದಲಾಯಿಸಿ ವೇಣೂರಿನ ದಾರಿ ಹಿಡಿದೆವು. ದಾರಿಯಲ್ಲಿ ಅವಳು ರವೂಫರ ವಿಷಯವನ್ನೇ ಹೇಳಿದಳು. ಅವಳ ಮದುವೆಗೆ ಚಪ್ಪರದ ಲೈಟೆಲ್ಲ ಅವರೇ ಕಟ್ಟಿದ್ದರಂತೆ. ಗಂಡ ಬಿಟ್ಟುಹೋದ ಮೇಲೆ ಅವಳು ಊಟ ಬಿಟ್ಟು ಮಲಗಿದಾಗ, ಅಪ್ಪನ ಜೊತೆ ಬಂದು ಕೂತು, ಮಕ್ಕಳಿಗೆ ಹೆಜ್ಜೆ ಕಲಿಸು ಮಗಳೇ ಎಂದು ಹೇಳಿ ಎಬ್ಬಿಸಿದವರೂ ಅವರೇ. ಈಗ ಆ ಅರುವತ್ತು ಮಕ್ಕಳಿಗೆ ಹೆಜ್ಜೆ ಹೇಳಿಕೊಡುವವಳು ಇವಳೇ.

"ಅಂಥವರ ಮೇಲೆ ದೂರು ಬರೆದೆಯಲ್ಲ?" ಎಂದೆ.

"ಬರೆದದ್ದು ನಾನಲ್ಲ ಅಕ್ಕ. ಸೈನ್ ಹಾಕಿದ್ದು ನಾನು."

ಮುಂದೆ ಕೇಳುವಷ್ಟರಲ್ಲಿ ಕಂಡಕ್ಟರು ಬಂದ. ಆಮೇಲೆ ಅವಳು ಮುಖವನ್ನು ಕಿಟಕಿಯಿಂದ ಈಚೆಗೆ ತಿರುಗಿಸಲೇ ಇಲ್ಲ.

ಹುಕ್ರಪ್ಪನ ಮನೆ ಅಲಂಗಾರಿನ ದಾರಿಯಲ್ಲಿ. ಜಗಲಿಯೇ ಅವನ ಅಂಗಡಿ. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಯುವವರ ಹೊಟ್ಟೆಗೆ ಕಲ್ಲು ಬಿತ್ತು. ಫ್ಯಾನಿನ ರೆಕ್ಕೆಗೆ, ಕುರ್ಚಿಯ ಬೆನ್ನಿಗೆ ಫ್ಲೆಕ್ಸ್ ಅಂಟಿಸಲು ಬರುವುದಿಲ್ಲವಾದ್ದರಿಂದ ಹುಕ್ರಪ್ಪ ಉಳಿದುಕೊಂಡ. ನಾವು ಹೋದಾಗ ಯಾವುದೋ ಶಾಲೆಯ ಬೆಂಚುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದ. ಕಾಂತಿ ಅಂಗಳದ ತೆಂಗಿನ ಬುಡದಲ್ಲೇ ನಿಂತಳು.

ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಕುಂಚ ಅವನ ಕೈಯಿಂದ ಬಣ್ಣದ ಡಬ್ಬಿಗೆ ಜಾರಿತು.

"ನಂದೇ ಬರಹ," ಎಂದ. "ನನ್ನನ್ನೂ ಕರ್ಕೊಂಡು ಹೋಗ್ತೀರಾ?"

"ಕರ್ಕೊಂಡು ಹೋಗುವ ಅಧಿಕಾರ ನನಗೆ ಈಗ ಇಲ್ಲ ಹುಕ್ರಪ್ಪಣ್ಣ. ಆದರೆ ಈ ಹೆಸರಿನಿಂದಾಗಿ ಸಂಜೆ ಐದಕ್ಕೆ ಒಬ್ಬರು ಒಳಗೆ ಹೋಗ್ತಾರೆ. ರವೂಫ್ ಹೆಸರು ಬರೆಸುವ ಜನ ಅಲ್ಲ ಅಂತ ನಿಮಗೆ ಗೊತ್ತುಂಟು. ಗೊತ್ತಿದ್ದೂ ಯಾಕೆ ಬರೆದ್ರಿ?"

"ಹೇಳಿದ್ದೆ ಮೇಡಂ. ಬರೆಯುವುದಿಲ್ಲ ಅಂತಲೇ ಹೇಳಿದ್ದೆ."

"ಯಾರಿಗೆ?"

ಅವನು ಡಬ್ಬಿಯಿಂದ ಕುಂಚವನ್ನು ಎತ್ತಿ ಬಟ್ಟೆಯಲ್ಲಿ ಒರೆಸಿದ. ಎಂಟು ದಿನದಿಂದ ಅವನು ಸರಿಯಾಗಿ ನಿದ್ದೆ ಮಾಡಿಲ್ಲವೆಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು. ಪೊಲೀಸರು ಯಾರೂ ಬಂದು ಕೇಳಲಿಲ್ಲ, ಅವನಾಗಿ ಹೋಗಿ ಹೇಳುವ ಧೈರ್ಯ ಅವನಿಗಿರಲಿಲ್ಲ.

"ನೋಣಯ್ಯಣ್ಣನಿಗೆ."

ನಾನು ಬೆಂಚಿನ ಮೇಲೆ ಕೂತುಬಿಟ್ಟೆ.

ಸಾಯುವ ಎರಡು ದಿನ ಮೊದಲು ನೋಣಯ್ಯ ರಿಕ್ಷಾದಲ್ಲಿ ಬಂದಿದ್ದರಂತೆ, ಮಗುವನ್ನು ಎತ್ತಿಕೊಂಡ ಹಾಗೆ ಲೈಟನ್ನು ತೊಡೆಯ ಮೇಲಿಟ್ಟುಕೊಂಡು. ರವೂಫ್ ಇನ್ನೊಂದು ಹೊಸ ಲೈಟು ಕಳಿಸಿದ್ದಾನೆ, ಹೆಸರು ಬರೆದುಕೊಡು ಎಂದರು. ಹೆಸರು ಹಾಕಿದರೆ ಆ ಬ್ಯಾರಿ ಸಾಹೇಬರು ಬೈಯುತ್ತಾರೆಂದು ಹುಕ್ರಪ್ಪ ನೆನಪಿಸಿದ.

"ಆಗ ಅವರು ಏನು ಹೇಳಿದ್ರು ಗೊತ್ತುಂಟಾ?" ಹುಕ್ರಪ್ಪ ಪೈಂಟಿನ ಕೈಯಲ್ಲೇ ಕಣ್ಣೊರೆಸಿಕೊಂಡ. "ಅಲ್ಲಿ ಎಲ್ಲರ ಹೆಸರು ಉಂಟು ಹುಕ್ರ, ಅವನದ್ದು ಮಾತ್ರ ಇಲ್ಲ. ನಾನು ಸಾಯುವ ಮೊದ್ಲು ಒಂದು ಸರ್ತಿ ಅದನ್ನು ಓದ್ಬೇಕು. ಬೈದ್ರೆ ನಾನು ಬೈಸಿಕೊಳ್ತೇನೆ, ನೀನು ಬರಿ."

ಹುಕ್ರಪ್ಪ ಕೂಲಿ ತೆಗೆದುಕೊಳ್ಳಲಿಲ್ಲವಂತೆ. ಪೈಂಟು ಒಣಗುವ ತನಕ ನೋಣಯ್ಯ ಇದೇ ಜಗಲಿಯಲ್ಲಿ ಕೂತು, ಆ ಒಂದು ಗೆರೆಯನ್ನು ದೊಡ್ಡದಾಗಿ ಎರಡು ಮೂರು ಸಲ ಓದಿಕೊಂಡರಂತೆ.

ನಲುವತ್ತು ವರ್ಷ ಪೊಲೀಸಿನಲ್ಲಿದ್ದವಳು ನಾನು. ಆ ಹೆಸರು ಹಗೆಯಿಂದ ಬರೆಸಿದ್ದೆಂದೇ ನಾನು ತಿಳಿದುಕೊಂಡಿದ್ದೆ. ಪ್ರೀತಿಯಿಂದ ಬರೆಸಿದ ಹೆಸರು ಅದು. ಆ ಪ್ರೀತಿಯೇ ಈಗ ಸ್ನೇಹಿತನನ್ನು ಜೈಲಿಗೆ ಕಳಿಸುತ್ತಿತ್ತು.

"ರವೂಫ್ ಕಳಿಸಿದ್ದು ಅಂತ ನೋಣಯ್ಯನಿಗೆ ಹೇಳಿದವರು ಯಾರು? ಲೈಟನ್ನು ತಂದುಕೊಟ್ಟವರು ಯಾರು?"

ಹುಕ್ರಪ್ಪನ ದೃಷ್ಟಿ ನನ್ನನ್ನು ದಾಟಿ ಅಂಗಳಕ್ಕೆ ಹೋಯಿತು.

"ಮಗಳು ಬಿ.ಸಿ.ರೋಡಿನಿಂದ ತಂದಳು ಅಂತ ಹೇಳಿದ್ರು," ಎಂದ ಮೆಲ್ಲಗೆ.

ತಿರುಗಿದೆ. ಕಾಂತಿ ತೆಂಗಿನ ಬುಡ ಬಿಟ್ಟು ಜಗಲಿಯ ಮೆಟ್ಟಿಲಿನವರೆಗೆ ಬಂದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಬಿ.ಸಿ.ರೋಡಿಗೆ ನೀನು ಹೋಗಿದ್ದೆಯಾ?"

"ಇಲ್ಲ."

"ಹಾಗಾದರೆ ಆ ಲೈಟು ಎಲ್ಲಿಯದು?"

ಅವಳು ಮೆಟ್ಟಿಲ ಮೇಲೆ ಕೂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಕಾದೆ. ಅಂಥ ಹೊತ್ತಿನಲ್ಲಿ ಅವಸರ ಮಾಡಿದರೆ ಬರುವ ಮಾತೂ ಬರುವುದಿಲ್ಲ.

ಆಗಲೇ ನನ್ನ ಫೋನು ಕೂಗಿಕೊಂಡಿತು. ರವೂಫ್.

"ಲೋಲಾಕ್ಷಿ ಅಕ್ಕ, ಐದರ ತನಕ ಕಾಯ್ಲಿಲ್ಲ, ನಾನು ಸ್ಟೇಷನಿಗೆ ಬಂದಾಯ್ತು. ಕೆಟ್ಟ ಲೈಟು ನಂದೇ ಅಂತ ಬರೆದುಕೊಟ್ಟೆ. ನೀವು ಇನ್ನು ಹುಡುಕುವುದು ಬೇಡ."

"ನಿಮ್ಮ ನಾಲ್ಕೂ ಲೈಟು ಸಿಕ್ಕಿವೆ ರವೂಫ್. ಕೊಂದದ್ದು ನಿಮ್ಮದಲ್ಲ. ಸಾಕ್ಷಿ ಉಂಟು."

"ನನ್ನದಲ್ಲ ಅಂತ ನನಗೆ ಗೊತ್ತಿಲ್ವಾ?" ಆ ಕಡೆಯಿಂದ ಸಣ್ಣಗೆ ಉಸಿರು ಬಿಟ್ಟದ್ದು ಕೇಳಿಸಿತು. "ಹೋಗುವ ಹಿಂದಿನ ದಿನ ನೋಣಯ್ಯಣ್ಣ ಫೋನ್ ಮಾಡಿದ್ದ. ಕಾಂತಿ ತಂದ ನಿನ್ನ ಹೊಸ ಲೈಟು ಚಂದ ಉಂಟು ಅಂದ. ನಾನು ಕಳಿಸ್ಲಿಲ್ಲ ಅಂದ್ರೆ ಹುಡುಗಿಗೆ ಮುಜುಗರ ಆಗ್ತದೆ ಅಂತ, ಆಯ್ತಣ್ಣ ಅಂದುಬಿಟ್ಟೆ. ಆಗ ಇಲ್ಲ ಅಂದಿದ್ರೆ ಅವ ಇವತ್ತು ಇರ್ತಿದ್ದ. ಈಗ ಅವಳ ಹೆಸರು ಹೊರಗೆ ಬಂದ್ರೆ ಅವಳನ್ನೇ ಹಿಡಿತಾರೆ. ಅಪ್ಪನನ್ನು ಕಳಕೊಂಡ ಮಗು ಅದು. ನನಗೆ ವಯಸ್ಸಾಯ್ತು, ಒಳಗೆ ಇದ್ರೂ ನಡಿತದೆ."

ಫೋನು ಇಟ್ಟರು. ನಾನು ತಿರುಗಿ ಕರೆ ಮಾಡಿದೆ, ಎತ್ತಲಿಲ್ಲ.

ಕಾಂತಿ ನನ್ನ ಮುಖವನ್ನೇ ನೋಡುತ್ತಿದ್ದಳು. "ರವೂಫ್ ಮಾಮ ಒಪ್ಪಿಕೊಂಡ್ರಾ?"

"ಒಪ್ಪಿಕೊಂಡ್ರು. ನಿನಗೋಸ್ಕರ."

ಅವಳು ಮೆಟ್ಟಿಲಿನಿಂದ ಎದ್ದು ನಿಂತಳು. "ಮಾಮ ಒಪ್ಪಿಕೊಳ್ತಾರೆ ಅಂತ ಲೈಟು ಕೊಟ್ಟವರು ಮೊದ್ಲೇ ಹೇಳಿದ್ರು ಅಕ್ಕ," ಎಂದಳು.

"ಯಾವಾಗ ಹೇಳಿದ್ದು?"

"ಲೈಟು ನನ್ನ ಕೈಗೆ ಕೊಟ್ಟ ದಿನ. ನನ್ನ ಹೆಸರು ಬೇಡ, ಗಂಡನಿಗೆ ಗೊತ್ತಾದ್ರೆ ಬೈತಾರೆ, ರವೂಫ್ ಮಾಮ ಕಳಿಸಿದ್ದು ಅಂತ ಅಪ್ಪನಿಗೆ ಹೇಳು ಅಂದ್ರು. ಯಾರು ಕೇಳಿದ್ರೂ ರವೂಫ್ ಇಲ್ಲ ಅನ್ನುವ ಜನ ಅಲ್ಲ ಅಂತ ನಗಾಡಿದ್ರು. ದಾನವಲ್ವಾ ಅಂತ ನಾನೂ ಒಪ್ಪಿದೆ. ಅಪ್ಪ ಹೋದ ಮೇಲೆ ಅವರೇ ದೂರು ಬರೆದು ತಂದ್ರು. ನೀನು ತಂದದ್ದು ಅಂತ ಗೊತ್ತಾದ್ರೆ ನಿನ್ನನ್ನೇ ಕರ್ಕೊಂಡು ಹೋಗ್ತಾರೆ, ಮಕ್ಕಳ ಗತಿ ಏನು ಅಂದ್ರು. ನಾನು ಸೈನ್ ಹಾಕಿದೆ."

ಗಂಡನಿಗೆ ಗೊತ್ತಾದರೆ ಬೈಯುತ್ತಾರೆ. ಪಟ್ಟಿಯಿಂದ ನಾನೇ ತೆಗೆದುಬಿಟ್ಟಿದ್ದ ಮನೆ ನೆನಪಾಯಿತು.

"ಹೆಸರು ಹೇಳು ಕಾಂತಿ."

"ತೃಪ್ತಿ ಅಕ್ಕ."

ಹುಕ್ರಪ್ಪನ ಗೋಡೆಯ ಗಡಿಯಾರದಲ್ಲಿ ಗಂಟೆ ಒಂದೂವರೆ. ಮುಂಡಾಜೆಗೆ ಎರಡು ಬಸ್ಸಿನ ದಾರಿ. ಎಸ್ಸೈ ಬರುವುದು ಮೂರಕ್ಕೆ. ತಪ್ಪು ತನ್ನದೇ ಎಂದು ಬರೆದುಕೊಟ್ಟ ಮನುಷ್ಯನನ್ನು ಬಿಡಿಸಲು ಈ ಲೋಕದಲ್ಲಿ ಉಳಿದಿದ್ದ ಗಟ್ಟಿ ಸಾಕ್ಷಿ ಒಂದೇ, ಕೆಂಪು ಸೀರೆಯಲ್ಲಿ ಸುತ್ತಿದ ಆ ಹೆಸರಿಲ್ಲದ ಲೈಟು. ಆ ಪೆಟ್ಟಿಗೆಯ ಚಾವಿಯನ್ನು ಬೆಳಿಗ್ಗೆ ನಾನೇ, ಈ ಕೈಯಿಂದಲೇ, ತೃಪ್ತಿಯ ಅಂಗೈಯಲ್ಲಿಟ್ಟು ಬಂದಿದ್ದೆ.